ಮಗುವಿನ ಕಾವಲು ಯಾರ ಕೆಲಸ?



ಹಬ್ಬದ ಹಿಂದಿನ ಸಂಜೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅರ್ಧ ಗಂಟೆ ನಿಂತು ನೋಡಿ. ಬಟ್ಟೆ ಅಂಗಡಿಗಳ ಮುಂದೆ ಜನ, ಹೂವಿನ ಬುಟ್ಟಿಗಳ ಪಕ್ಕದಲ್ಲಿ ತಳ್ಳುಗಾಡಿ, ಇವೆಲ್ಲದರ ನಡುವೆ ಹಾರನ್ ಹೊಡೆಯುತ್ತಾ ನುಸುಳುವ ಸ್ಕೂಟರುಗಳು. ಅಪ್ಪ ಓಡಿಸುತ್ತಿರುತ್ತಾನೆ, ಹಿಂದೆ ಅಮ್ಮ, ಇಬ್ಬರ ನಡುವೆ ಒಂದು ಮಗು, ಮುಂದೆ ಕಾಲಿಡುವ ಜಾಗದಲ್ಲಿ ಕನ್ನಡಿಯ ಕಂಬಿ ಹಿಡಿದು ನಿಂತ ಇನ್ನೊಂದು ಮಗು. ಅಪ್ಪನ ತಲೆಯ ಮೇಲೆ ಹೆಲ್ಮೆಟ್ ಇರುತ್ತದೆ, ಪೊಲೀಸರ ಭಯಕ್ಕೆ. ಮಕ್ಕಳ ತಲೆಯ ಮೇಲೆ ಏನೂ ಇರುವುದಿಲ್ಲ. ಆ ನೋಟ ನಮಗೆ ಎಷ್ಟು ಒಗ್ಗಿಹೋಗಿದೆಯೆಂದರೆ ಅದನ್ನು ಕಂಡು ಯಾರೂ ಹುಬ್ಬೇರಿಸುವುದಿಲ್ಲ.

ಅದೇ ಬಜಾರಿನಲ್ಲಿ, ಒಂದು ಚಿನ್ನದ ಅಂಗಡಿಯ ಮೆಟ್ಟಿಲ ಮೇಲೆ, ಕೆಲವು ತಿಂಗಳ ಹಿಂದೆ ಒಂದು ಸಣ್ಣ ಜಗಳಕ್ಕೆ ನಾನು ಸಾಕ್ಷಿಯಾದೆ. ಭದ್ರಾವತಿಯಿಂದ ಬಂದಿದ್ದ ಪರಿಚಯದ ಕುಟುಂಬ ಅದು. ಮೊಮ್ಮಗಳಿಗೆ ಒಂದು ವರ್ಷ ತುಂಬುತ್ತಿತ್ತು. ಆ ದಿನ ಪೂಜೆ ಮಾಡಿಸಿ, ಮಗುವಿನ ಕೊರಳಿಗೆ ಒಂದು ಸರ ಹಾಕಬೇಕೆಂಬುದು ಅಜ್ಜಿಯ ಆಸೆ. ಮಗ ಆಗಷ್ಟೇ ಒಂದು ಹಳೆಯ ಕಾರು ಕೊಂಡಿದ್ದ. ಕೈಯಲ್ಲಿದ್ದ ದುಡ್ಡಿನಲ್ಲಿ ಮಗುವಿಗೆ ಕಾರಿನ ಸೀಟು ಕೊಳ್ಳಬೇಕೆಂದು ಅವನ ಹಟ. ಅದೂ ಎಂಥ ಸೀಟು? ಕಾರಿನ ಹಿಂಬದಿಯಲ್ಲಿ ಕಟ್ಟಿ, ಮಗು ಹಿಂದಿನ ಗಾಜಿನ ಕಡೆಗೆ ಮುಖ ಮಾಡಿ ಕೂರುವಂಥದ್ದು.

"ಮಡಿಲಲ್ಲಿರುವ ಮಗುವನ್ನು ಕಿತ್ತು, ಕುರ್ಚಿಗೆ ಕಟ್ಟಿ, ನಮ್ಮ ಮುಖವೂ ಕಾಣದ ಹಾಗೆ ತಿರುಗಿಸಿ ಕೂರಿಸುತ್ತೀಯಾ? ನಾನು ನಾಲ್ಕು ಮಕ್ಕಳನ್ನು ಮಡಿಲಲ್ಲೇ ಇಟ್ಟುಕೊಂಡು ಊರೂರು ತಿರುಗಿದವಳು. ಒಂದಕ್ಕಾದರೂ ಏನಾದರೂ ಆಯಿತೇನೋ? ಮಗುವಿಗೆ ಕಾವಲುದೂತರಿದ್ದಾರೆ. ನಿನಗೆ ದೇವರ ಮೇಲೆ ನಂಬಿಕೆಯೇ ಇಲ್ಲವಾಯಿತೇ?"

ಮಗ ಉತ್ತರ ತೋಚದೆ ನನ್ನ ಮುಖ ನೋಡಿದ. ನನಗೂ ಆ ಗದ್ದಲದಲ್ಲಿ ಏನೂ ತೋಚಲಿಲ್ಲ. ಅಂದು ಹೇಳಲಾರದ್ದನ್ನು ಇಂದು ನಿಮ್ಮ ಮುಂದೆ ಹೇಳಲು ಯತ್ನಿಸುತ್ತೇನೆ. ಏಕೆಂದರೆ ಆ ತಾಯಿ ಕೇಳಿದ್ದು ಬರೀ ಸೀಟಿನ ಪ್ರಶ್ನೆಯಲ್ಲ. ದೇವರನ್ನು ನಂಬಿದವನು ಅಪಾಯದ ಲೆಕ್ಕ ಹಾಕಬಹುದೇ? ಹಾಗೆ ಲೆಕ್ಕ ಹಾಕುವುದು ಅಲ್ಪವಿಶ್ವಾಸವಲ್ಲವೇ? ಇದು ವಿಶ್ವಾಸದ ಪ್ರಶ್ನೆ.

ಮೊದಲು ಮಡಿಲಿನ ಮಾತು. ತಾಯಿಯ ಮಡಿಲಿಗಿಂತ ಭದ್ರವಾದ ಜಾಗ ಮಗುವಿಗೆ ಇನ್ನಾವುದಿದೆ ಎಂದು ನಾವೆಲ್ಲ ನಂಬಿದ್ದೇವೆ. ಮನೆಯಲ್ಲಿ, ದೇವಾಲಯದಲ್ಲಿ ಅದು ನಿಜ. ಓಡುವ ಕಾರಿನಲ್ಲಿ ಅದು ನಿಜವಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಇನ್ನೊಂದು ವಾಹನಕ್ಕೆ ಗುದ್ದಿ ಅರ್ಧ ಮೀಟರಿನೊಳಗೆ ನಿಂತುಬಿಟ್ಟಿತು ಎನ್ನಿ. ಆ ಕ್ಷಣದಲ್ಲಿ 10 ಕಿಲೋ ತೂಕದ ಮಗು ತಾಯಿಯ ತೋಳುಗಳನ್ನು ಸುಮಾರು 200 ಕಿಲೋ ಭಾರದಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತದೆ. ನಮ್ಮ ಜಿಲ್ಲೆಯವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಎರಡು ಕ್ವಿಂಟಲ್ ಅಡಿಕೆ. ಮಂಡಿಯಲ್ಲಿ ಮೂಟೆ ಹೊತ್ತು ಪಳಗಿದ ಹಮಾಲಿಯೂ ಅಷ್ಟನ್ನು ಎರಡು ತೋಳಲ್ಲಿ ತಡೆದು ನಿಲ್ಲಿಸಲಾರ. ಇನ್ನೊಂದು ರೀತಿಯಲ್ಲಿ ನೋಡಿದರೆ, ಆ ವೇಗದಲ್ಲಿ ಗುದ್ದುವುದೆಂದರೆ ಸುಮಾರು 32 ಅಡಿ ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಕಟ್ಟಡದ ತಾರಸಿಯಿಂದ, ಕೆಳಗೆ ಬಿದ್ದಂತೆ.

ಸಂತ ಕ್ರಿಸ್ಟೋಫರರ ಐತಿಹ್ಯ ನಿಮಗೆ ಗೊತ್ತಿದೆ. ನಮ್ಮಲ್ಲಿ ಎಷ್ಟೋ ಜನ ಅವರ ಪದಕವನ್ನು ಕಾರಿನ ಕನ್ನಡಿಗೆ ತೂಗುಹಾಕಿರುತ್ತೇವೆ. ಹೊಳೆ ದಾಟಿಸಲು ಒಂದು ಪುಟ್ಟ ಮಗುವನ್ನು ಹೆಗಲ ಮೇಲೆ ಹೊತ್ತು ಆ ದೈತ್ಯದೇಹಿ ನೀರಿಗಿಳಿದರು. ನಡುಹೊಳೆಯಲ್ಲಿ ಮಗುವಿನ ಭಾರ ಹೆಚ್ಚುತ್ತಾ ಹೋಯಿತು, ಲೋಕದ ಭಾರವೆಲ್ಲ ಹೆಗಲ ಮೇಲೆ ಬಂದಂತೆ ಅವರು ತತ್ತರಿಸಿದರು. ಆ ಮಗು ಪ್ರಭು ಯೇಸುವೆಂದು ದಡ ಸೇರಿದ ಮೇಲೆ ತಿಳಿಯಿತು. ಈ ಕಥೆಯನ್ನು ನಾನು ಬಾಲ್ಯದಿಂದ ಕೇಳುತ್ತಾ ಬಂದಿದ್ದರೂ ಒಂದು ವಿವರ ಗಮನಕ್ಕೆ ಬಂದದ್ದು ಈಚೆಗೆ. ಕ್ರಿಸ್ಟೋಫರರ ಕೈಯಲ್ಲಿ ಒಂದು ದೊಡ್ಡ ಊರುಗೋಲಿತ್ತು. ತಮ್ಮ ಬಲ ಸಾಲದೆಂದು ಗೊತ್ತಿದ್ದವರು ಅವರು. ಕೋಲಿಲ್ಲದೆ ಅವರು ಹೊಳೆಗೆ ಇಳಿಯಲಿಲ್ಲ.

ಇನ್ನು, ಮಗುವನ್ನು ಹಿಂದಕ್ಕೆ ತಿರುಗಿಸುವುದೇಕೆ? ಹುಟ್ಟಿದ ಮಗುವಿನ ತಲೆ ಅದರ ಉದ್ದದ ಕಾಲು ಭಾಗದಷ್ಟಿರುತ್ತದೆ. ದೊಡ್ಡವರ ತಲೆ ಅವರ ಎತ್ತರದ ಏಳೆಂಟನೇ ಒಂದು ಭಾಗ ಮಾತ್ರ. ಭಾರವಾದ ತಲೆ, ಇನ್ನೂ ಗಟ್ಟಿಯಾಗದ ಕತ್ತಿನ ಮೂಳೆ. ಮಗು ಮುಂದಕ್ಕೆ ಮುಖ ಮಾಡಿ ಕುಳಿತಿದ್ದಾಗ ಕಾರು ಗುದ್ದಿದರೆ, ಬೆಲ್ಟು ಎದೆಯನ್ನು ಹಿಡಿದು ನಿಲ್ಲಿಸುತ್ತದೆ, ತಲೆ ಮಾತ್ರ ಮುಂದಕ್ಕೆ ಎಗರುತ್ತದೆ. ಆ ಏಟನ್ನೆಲ್ಲ ಎಳೆಯ ಕತ್ತು ತಿನ್ನಬೇಕು. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕತ್ತು, ಬೆನ್ನು ಮೂರೂ ಒಟ್ಟಾಗಿ ಸೀಟಿನ ಬೆನ್ನಿಗೆ ಒರಗುತ್ತವೆ, ಏಟು ಹಂಚಿಹೋಗುತ್ತದೆ. 1960ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬವರಿಗೆ ಇದು ಹೊಳೆದದ್ದು ಅಮೆರಿಕದ ಗಗನಯಾತ್ರಿಗಳ ಆಸನಗಳನ್ನು ಕಂಡು. ಆ ಬಲವಾದ ಗಂಡಸರೇ ರಾಕೆಟ್ಟಿನ ಒತ್ತಡವನ್ನು ಬೆನ್ನಿನ ಮೇಲೆ ತೆಗೆದುಕೊಳ್ಳುವುದಾದರೆ, ಹಸುಳೆಗೆ ಏಕೆ ಬೇಡ?

ಈಗ ಅಜ್ಜಿಯ ಎರಡನೇ ಮಾತು: "ಏನಾದರೂ ಆಯಿತೇನೋ?" ಇಲ್ಲಿ ನಾನು ತಪ್ಪೊಪ್ಪಿಕೊಳ್ಳಬೇಕು. ನನ್ನ ಮಕ್ಕಳನ್ನೂ ನಾನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಿ.ಎಚ್. ರಸ್ತೆಯಲ್ಲಿ, ಲಾರಿಗಳ ಪಕ್ಕದಲ್ಲಿ, ಎಷ್ಟೋ ಸಲ ಬಂದಿದ್ದೇನೆ. ಏನೂ ಆಗಲಿಲ್ಲ. ಆಗೆಲ್ಲ ಮನೆ ಸೇರಿ, "ದೇವರು ಕಾಪಾಡಿದ" ಎಂದು ಶಿಲುಬೆಯ ಗುರುತು ಹಾಕಿಕೊಂಡಿದ್ದೂ ಉಂಟು. ದೇವರಿಗೆ ಕೃತಜ್ಞತೆ ಹೇಳುವುದು ತಪ್ಪಲ್ಲ. ಆದರೆ ಆ ಕೃತಜ್ಞತೆ ಯಾವಾಗ ವಾದವಾಗಿ ತಿರುಗುತ್ತದೋ, ನನಗೆ ಏನೂ ಆಗಲಿಲ್ಲ ಆದ್ದರಿಂದ ಯಾರೂ ಏನೂ ಮಾಡಬೇಕಾಗಿಲ್ಲ ಎಂದು ಯಾವಾಗ ಹೇಳತೊಡಗುತ್ತೇವೋ, ಆಗ ಅದು ಅನ್ಯಾಯವಾಗುತ್ತದೆ. ಯಾರಿಗೆ? ಯಾರ ಮಗು ಮನೆಗೆ ಮರಳಲಿಲ್ಲವೋ ಅವರಿಗೆ.

ಯೋಚಿಸಿ ನೋಡಿ. ನಿಮ್ಮ ಧರ್ಮಕೇಂದ್ರದಲ್ಲಿ ರಸ್ತೆಯಲ್ಲಿ ಮಗುವನ್ನು ಕಳೆದುಕೊಂಡ ಒಂದು ಮನೆ ಇದ್ದೀತು. ಭಾನುವಾರ ಪೂಜೆಯಲ್ಲಿ ನಿಮ್ಮ ಹಿಂದಿನ ಬೆಂಚಿನಲ್ಲೇ ಆ ತಾಯಿ ಮೊಣಕಾಲೂರಿರುತ್ತಾಳೆ. "ನನ್ನ ಮಕ್ಕಳನ್ನು ಕಾವಲುದೂತರು ಕಾದರು, ಅದಕ್ಕೇ ಏನೂ ಆಗಲಿಲ್ಲ" ಎಂಬ ನಿಮ್ಮ ಮಾತು ಅವಳ ಕಿವಿಗೆ ಬಿದ್ದರೆ ಅವಳು ಏನೆಂದುಕೊಳ್ಳಬೇಕು? ಅವಳ ಮಗುವಿನ ದೂತರು ಅಂದು ನಿದ್ದೆ ಹೋಗಿದ್ದರೇ? ಅವಳು ಜಪಸರ ಹೇಳಿದ್ದು ಸಾಲದಾಯಿತೇ? ನಮ್ಮ ಅದೃಷ್ಟವನ್ನು ನಮ್ಮ ಭಕ್ತಿಯ ಫಲವೆಂದು ಎಣಿಸಿದರೆ, ಅವಳ ದುಃಖವನ್ನು ಅವಳ ಅಭಕ್ತಿಯ ಫಲವೆಂದು ಎಣಿಸಿದಂತೆ. ಬಾಯಿಬಿಟ್ಟು ಹೇಳದಿದ್ದರೂ ನಮ್ಮ ವಾದದೊಳಗೆ ಆ ತೀರ್ಪು ಅಡಗಿ ಕುಳಿತಿರುತ್ತದೆ. ಸಿಲೊವಾಮಿನ ಗೋಪುರ ಕುಸಿದು 18 ಜನ ಸತ್ತಾಗ, ಅವರು ಉಳಿದವರಿಗಿಂತ ದೊಡ್ಡ ಪಾಪಿಗಳಾಗಿದ್ದರೇ ಎಂಬ ಯೋಚನೆಯನ್ನು ಯೇಸುಸ್ವಾಮಿ ಒಪ್ಪಲಿಲ್ಲ (ಲೂಕ 13:4-5). ಆದ್ದರಿಂದಲೇ ಮಗುವನ್ನು ಕಳೆದುಕೊಂಡ ತಂದೆತಾಯಿಗಳ ಮುಂದೆ ಈ ಲೇಖನವನ್ನು ಹಿಡಿದು ಯಾರೂ ಅವರನ್ನು ದೂಷಿಸಬಾರದು. ತಿಳಿಯದೆ ಮಾಡಿದ್ದು ಬೇರೆ, ತಿಳಿದ ಮೇಲೂ ಉದಾಸೀನ ಮಾಡುವುದು ಬೇರೆ.

ಕೊನೆಗೆ ಕಾವಲುದೂತರ ಮಾತು. ಅವರಿದ್ದಾರೆ. ಧರ್ಮಸಭೆ ಅದನ್ನು ಬೋಧಿಸುತ್ತದೆ, ಅಕ್ಟೋಬರ್ 2ರಂದು ಅವರ ಹಬ್ಬವನ್ನೂ ಆಚರಿಸುತ್ತದೆ. ಆದರೆ ದೇವದೂತರು ಕೈಯಲ್ಲಿ ಎತ್ತಿ ಹಿಡಿಯುತ್ತಾರೆಂಬ ಕೀರ್ತನೆಯ ಮಾತನ್ನು ಶುಭಸಂದೇಶದಲ್ಲಿ ಯಾರು ಎತ್ತಿ ಆಡುತ್ತಾನೆ, ನೆನಪಿದೆಯೇ? ಸೈತಾನ. ದೇವಾಲಯದ ಶಿಖರದ ಮೇಲೆ ಪ್ರಭುವನ್ನು ನಿಲ್ಲಿಸಿ, ಕೆಳಗೆ ಧುಮುಕು, ದೂತರು ಕಾಯುತ್ತಾರೆ ಎನ್ನುವವನು ಅವನು (ಮತ್ತಾಯ 4:5-7). ಕೀರ್ತನೆಯ ಮಾತು ಸುಳ್ಳಲ್ಲ. ಅದನ್ನು ಧುಮುಕುವುದಕ್ಕೆ ನೆಪ ಮಾಡಿಕೊಳ್ಳುವುದು ಸುಳ್ಳು. ದೇವರನ್ನು ಪರೀಕ್ಷಿಸಬಾರದೆಂದು ಪ್ರಭು ಉತ್ತರ ಕೊಟ್ಟರು. ತಾನು ಮಾಡಬಹುದಾದ್ದನ್ನು ಮಾಡದೆ, ಕಾರಣವಿಲ್ಲದೆ ದೇವರ ಸಹಾಯವೊಂದನ್ನೇ ಕಾದು ಅಪಾಯಕ್ಕೆ ಒಡ್ಡಿಕೊಳ್ಳುವುದು ದೇವರನ್ನು ಪರೀಕ್ಷಿಸುವ ಪಾಪವೆಂದು ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ವಿವರಿಸಿದ್ದಾರೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವು ಕುಡಿತದಿಂದಲೋ ವೇಗದ ಹುಚ್ಚಿನಿಂದಲೋ ರಸ್ತೆಯಲ್ಲಿ ತಮ್ಮ ಮತ್ತು ಇತರರ ಜೀವಕ್ಕೆ ಅಪಾಯ ತರುವವರ ಅಪರಾಧ ಗಂಭೀರವಾದದ್ದೆಂದು ಹೇಳುತ್ತದೆ. 2007ರಲ್ಲಿ ವ್ಯಾಟಿಕನ್ ರಸ್ತೆಯ ನಡವಳಿಕೆಯ ಕುರಿತೇ ಒಂದು ಮಾರ್ಗಸೂಚಿಯನ್ನು ಹೊರಡಿಸಿತು. ಅದರಲ್ಲಿ ವಾಹನ ಚಾಲಕರಿಗೆ ಹತ್ತು ಕಟ್ಟಳೆಗಳೂ ಇವೆ. ಅವುಗಳಲ್ಲಿ ಮೊದಲನೆಯದು ಕೊಲೆ ಮಾಡಬಾರದೆಂಬುದು.

ಹೆರೋದನ ಖಡ್ಗದಿಂದ ಬಾಲಯೇಸು ಪಾರಾದದ್ದು ಹೇಗೆ? ದೂತ ಬಂದದ್ದು ನಿಜ. ಆದರೆ ಆ ದೂತ ಮಗುವನ್ನು ಎತ್ತಿಕೊಂಡು ಈಜಿಪ್ಟಿಗೆ ಹಾರಲಿಲ್ಲ. ಜೋಸೆಫರನ್ನು ಎಬ್ಬಿಸಿ, ಏಳು, ಹೊರಡು ಎಂದ, ಅಷ್ಟೇ (ಮತ್ತಾಯ 2:13-14). ರಾತ್ರಿಯಲ್ಲಿ ಎದ್ದವರು ಜೋಸೆಫರು. ಬಾಣಂತನ ಮುಗಿದು ಹೆಚ್ಚು ಕಾಲವಾಗದ ಮಡದಿಯನ್ನೂ ಕೂಸನ್ನೂ ಕರೆದುಕೊಂಡು ಗುರುತಿಲ್ಲದ ದಾರಿಯಲ್ಲಿ ನಡೆದವರು ಅವರು. "ದೂತನೇ ಹೇಳಿದ್ದಾನಲ್ಲ, ದೇವರ ಮಗು, ದೇವರೇ ನೋಡಿಕೊಳ್ಳುತ್ತಾನೆ" ಎಂದು ಮಗ್ಗುಲು ಬದಲಿಸಿ ಮಲಗಬಹುದಿತ್ತು. ಮಲಗಲಿಲ್ಲ. ದೂತನ ಕಾವಲು ಆ ರಾತ್ರಿ ಜೋಸೆಫರ ಕೈಕಾಲುಗಳ ಮೂಲಕವೇ ನಡೆಯಿತು. ಮಗುವಿನ ಕತ್ತು ಎಷ್ಟು ಎಳೆಯದೆಂದು ಅಳೆದು ನೋಡಿದ ವೈದ್ಯರ ಮೂಲಕವೂ, ಆ ಸೀಟನ್ನು ಬಿಗಿಯಾಗಿ ಕಟ್ಟುವ ತಂದೆಯ ಬೆರಳುಗಳ ಮೂಲಕವೂ ಅದೇ ಕಾವಲು ನಡೆಯಬಾರದೇಕೆ?

ಒಂದು ಕಷ್ಟ ಉಳಿಯುತ್ತದೆ. ಮಗು ಅಳುತ್ತದೆ. ಎತ್ತಿಕೋ ಎಂದು ಕೈಚಾಚುತ್ತದೆ. ಹತ್ತು ನಿಮಿಷದ ಅಳು ಕೇಳಲಾರದೆ ಬೆಲ್ಟು ಬಿಚ್ಚಿ ಮಡಿಲಿಗೆ ತೆಗೆದುಕೊಳ್ಳುವ ತಾಯಂದಿರನ್ನು ನಾನು ಬಲ್ಲೆ. ಅದು ಪ್ರೀತಿಯೇ. ಆದರೆ ಚುಚ್ಚುಮದ್ದು ಹಾಕಿಸುವಾಗ ಇದೇ ತಾಯಿ ಮಗುವಿನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳಲ್ಲ! ಅಳು ನಿಲ್ಲಿಸಬೇಕಾದರೆ ಕಾರನ್ನೇ ಪಕ್ಕಕ್ಕೆ ನಿಲ್ಲಿಸಿ.

ದುಡ್ಡಿನ ವಿಷಯ. ಇಂಥ ಸೀಟುಗಳ ಬೆಲೆ ನಾಲ್ಕೈದು ಸಾವಿರದಿಂದ ಶುರುವಾಗಿ ಮೂವತ್ತು ಸಾವಿರವನ್ನೂ ದಾಟುತ್ತದೆ. ದುಬಾರಿಯದ್ದೇ ಆಗಬೇಕೆಂದಿಲ್ಲ. ಮಗುವಿನ ತೂಕ, ಎತ್ತರಕ್ಕೆ ಹೊಂದಬೇಕು, ನಿಮ್ಮ ಕಾರಿನ ಸೀಟಿಗೆ ಅಲುಗದಂತೆ ಕೂರಬೇಕು, ಸುರಕ್ಷತಾ ಮಾನದಂಡದ ಗುರುತು ಅದರ ಮೇಲಿರಬೇಕು. ಮುಂದಿನ ಸೀಟಿನ ಎದುರು ಏರ್‌ಬ್ಯಾಗ್ ಇದ್ದರೆ ಹಿಂಮುಖ ಸೀಟನ್ನು ಅಲ್ಲಿ ಎಂದಿಗೂ ಇಡಬೇಡಿ. ಮಗುವನ್ನು ಕಾಯುವ ಬದಲು ಆ ಚೀಲ ಉಬ್ಬಿ ಅದರ ತಲೆಗೇ ಬಡಿಯುತ್ತದೆ. ಕಾಲು ಮಡಚಬೇಕಾಗುತ್ತದೆಂದು ಬೇಗನೆ ಮುಂದಕ್ಕೆ ತಿರುಗಿಸಬೇಡಿ. ಮಕ್ಕಳು ಚಕ್ಕಳಮಕ್ಕಳ ಹಾಕಿ ಕೂರುವುದರಲ್ಲಿ ನಮಗಿಂತ ಜಾಣರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ಎರಡು ವರ್ಷದವರೆಗೆ ಹಿಂಮುಖವಾಗಿರಲಿ ಎಂದಿತ್ತು. 2018ರಲ್ಲಿ ಆ ವಯಸ್ಸನ್ನೂ ಕೈಬಿಟ್ಟು, ಸೀಟಿನ ಮೇಲೆ ಬರೆದ ತೂಕ, ಎತ್ತರದ ಮಿತಿ ಮುಟ್ಟುವವರೆಗೂ ಹಾಗೆಯೇ ಇರಲಿ ಎಂದಿತು. ನಂಟರಿಂದ ಹಳೆಯದನ್ನು ಪಡೆಯುವುದಾದರೆ ಅದು ಅಪಘಾತ ಕಂಡದ್ದಲ್ಲವೆಂದು, ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ನಮ್ಮ ಕಿರು ಕ್ರೈಸ್ತ ಸಮುದಾಯಗಳಲ್ಲಿ ಮಗು ಬೆಳೆದ ಮನೆಯಿಂದ ಮಗು ಹುಟ್ಟಿದ ಮನೆಗೆ ಇಂಥ ಸೀಟು ಹೋಗುವ ವ್ಯವಸ್ಥೆ ಏಕಿರಬಾರದು? ಜ್ಞಾನಸ್ನಾನಕ್ಕೆ ಬೆಳ್ಳಿಯ ಗಿಲಕಿ ತರುವ ಜ್ಞಾನತಂದೆ, ಜ್ಞಾನತಾಯಿಯರೂ ಸ್ವಲ್ಪ ಯೋಚಿಸಲಿ.

ಕಾನೂನೂ ಇದೆ. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟಿನಲ್ಲೋ ಮಕ್ಕಳ ಸೀಟಿನಲ್ಲೋ ಭದ್ರಪಡಿಸದೆ ಕಾರು ಓಡಿಸಿದರೆ 1000 ರೂಪಾಯಿ ದಂಡ. ಕಾರಿಲ್ಲದ ನಮ್ಮ ಬಹುಪಾಲು ಕುಟುಂಬಗಳಿಗೂ 2022ರಲ್ಲಿ ಒಂದು ನಿಯಮ ಪ್ರಕಟವಾಗಿದೆ: ನಾಲ್ಕು ವರ್ಷದೊಳಗಿನ ಮಗುವನ್ನು ದ್ವಿಚಕ್ರ ವಾಹನದಲ್ಲಿ ಕರೆದೊಯ್ಯುವಾಗ ಚಾಲಕನಿಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ, ಮಗುವಿನ ತಲೆಗೆ ಹೊಂದುವ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರಿಗೆ ಮೀರದ ವೇಗ. ಗಾಂಧಿ ಬಜಾರಿನಲ್ಲಿ ವೇಗದ ಮಿತಿಯೊಂದು ತಾನಾಗಿಯೇ ಪಾಲನೆಯಾಗುತ್ತದೆ. ಬಿ.ಎಚ್. ರಸ್ತೆಗೆ ಬಂದಾಗ ನಮ್ಮ ಕೈಯಲ್ಲಿದೆ.

ಆ ಕುಟುಂಬ ಅಂದು ಚಿನ್ನದ ಅಂಗಡಿಯ ಮೆಟ್ಟಿಲಿಳಿದು ಸರ ಕೊಳ್ಳದೆ ಹೋಯಿತು. ಕಳೆದ ತಿಂಗಳು ಪವಿತ್ರ ಹೃದಯ ಪ್ರಧಾನಾಲಯದಲ್ಲಿ ಭಾನುವಾರದ ಪೂಜೆ ಮುಗಿಸಿ ಹೊರಬಂದಾಗ ಅವರ ಕಾರು ಕಂಡೆ. ಮಗು ಹಿಂದಕ್ಕೆ ಮುಖ ಮಾಡಿ ಕುಳಿತು, ಕಾಲಿನ ಒಂದು ಚಪ್ಪಲಿ ಕಿತ್ತೆಸೆದು ರಂಪ ಮಾಡುತ್ತಿತ್ತು. ಪಕ್ಕದಲ್ಲೇ ಅಜ್ಜಿ. ಕಿಟಕಿಯ ಬಳಿ ನಿಂತು, "ಸಿಟ್ಟು ಇಳಿಯಿತೇ ಅಮ್ಮ?" ಎಂದು ಕೇಳಿದೆ.

"ಸರ ಮೊದಲ ಪರಮಪ್ರಸಾದಕ್ಕೆ ಹಾಕಿಸುತ್ತಾನಂತೆ. ಅಲ್ಲಿಯವರೆಗೆ ನಾನಿರಬೇಕಲ್ಲ!" ಎಂದರು. ಆಮೇಲೆ ಬಗ್ಗಿ ಆ ಚಪ್ಪಲಿ ಹುಡುಕಿ ಮಗುವಿನ ಕಾಲಿಗೆ ಹಾಕಿ, ಎದೆಯ ಮೇಲಿನ ಬೆಲ್ಟನ್ನು ಒಂದು ಬಾರಿ ಎಳೆದು ನೋಡಿದರು. ಕಾರು ಭದ್ರಾವತಿಯ ಕಡೆಗೆ ಹೊರಟಿತು.