ಉಳಿದ ತುಂಡಿಗೂ ಬೆಲೆಯುಂಟು



ಯಲಹಂಕವಾಗಲಿ, ಆರ್.ಟಿ. ನಗರವಾಗಲಿ, ಅಂಗಳದ ಮರ ಕಡಿಸಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಅನುಮತಿ ಪಡೆದು ಮರ ಉರುಳಿಸಿದ ಮೇಲೆ ನಮ್ಮ ಹೊಣೆ ಮುಗಿಯಿತೇ? ಉಳಿದದ್ದನ್ನು ಬೀದಿಮೂಲೆಯಲ್ಲಿ ಸುಟ್ಟರೆ ಆ ಹೊಗೆ ಸೇರುವುದು ನೆರೆಮನೆಯ ಮಗುವಿನ ಎದೆಗೆ.

ಐದು ಸಾವಿರ ಜನ ಉಂಡು ತೃಪ್ತರಾದ ಮೇಲೂ ಯೇಸುಸ್ವಾಮಿ ರೊಟ್ಟಿಯ ಚೂರುಗಳನ್ನು ಪೋಲಾಗಗೊಡಲಿಲ್ಲ. ಶಿಷ್ಯರು 12 ಬುಟ್ಟಿ ತುಂಬಿದರೆಂದು ಸಂತ ಯೊವಾನ್ನರ ಶುಭಸಂದೇಶ ತಿಳಿಸುತ್ತದೆ. ಮತ್ತೆ ಸೃಷ್ಟಿಸಬಲ್ಲ ಪ್ರಭುವೇ ಚೂರನ್ನು ಗೌರವಿಸಿದರು. ಒಂದು ಎಲೆಯನ್ನೂ ಸೃಷ್ಟಿಸಲಾರದ ನಾವು ಇಡೀ ಮರವನ್ನು ಕಸವೆನ್ನಬಹುದೇ?

ದಿಮ್ಮಿಯನ್ನು ತಡಮಾಡದೆ ಸಾಮಿಲ್ಲಿಗೆ ಒಯ್ದು ಹಲಗೆಗಳಾಗಿ ಸೀಳಿಸಿರಿ. ಹಲಗೆಯ ತುದಿಗಳಿಗೆ ಬಣ್ಣ ಬಳಿದು, ನಡುನಡುವೆ ಮರದ ಪಟ್ಟಿಯಿಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ತಿಂಗಳುಗಟ್ಟಲೆ ಒಣಗಿಸಿದರೆ ಬಿರುಕು ಕಡಿಮೆ. ಬಡಗಿಯ ಕೈಯಲ್ಲಿ ಅದು ಜಗಲಿಯ ಬೆಂಚಾದೀತು, ಬಡ ವಿದ್ಯಾರ್ಥಿಯೊಬ್ಬನ ಓದುವ ಮೇಜಾದೀತು. ಪುಡಿಮಾಡಿದ ರೆಂಬೆಗಳು ಗಿಡದ ಬುಡಕ್ಕೆ ಹೊದಿಕೆಯಾಗಿ ತೇವ ಕಾಯುತ್ತವೆ.

ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಖಂಡಿಸಿದ್ದು ಬಳಸಿ ಬಿಸಾಡುವ ಈ ಮನೋಭಾವವನ್ನೇ. ಇಂದು ಮರದ ತುಂಡನ್ನು ಬಿಸಾಡುವ ಕೈ ನಾಳೆ ಮುದಿ ತಂದೆತಾಯಿಯರನ್ನೂ ಮೂಲೆಗೆ ತಳ್ಳೀತು. ಆದ್ದರಿಂದ ಉಳಿದದ್ದನ್ನು ಕೂಡಿಸಿಡೋಣ, ಇಲ್ಲದವರೊಡನೆ ಹಂಚಿಕೊಳ್ಳೋಣ. ಬರಿದಾದ ಜಾಗದಲ್ಲಿ ಸಸಿಯೊಂದನ್ನು ನೆಡೋಣ.