ಜ್ಞಾನದಾನವೋ, ಹಿಂಸಾದಾನವೋ?

ದಾನಗಳಲ್ಲಿ ಜ್ಞಾನದಾನವು ಶ್ರೇಷ್ಠವೆಂಬುದು ಹಿರಿಯರ ಮಾತು. ಕತ್ತಿ, ಕೊಡಲಿ, ಬೆಂಕಿ ಮೊದಲಾದ ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವುದು ಹಿಂಸಾದಾನವೆಂದೂ ಶ್ರಾವಕನಿಗೆ ಅದು ವರ್ಜ್ಯವೆಂದೂ ಸಮಂತಭದ್ರಾಚಾರ್ಯರು ತಿಳಿಸಿದ್ದಾರೆ. ಹಾಗಾದರೆ ಜ್ಞಾನವೇ ಆಯುಧವಾಗುವಲ್ಲಿ ಆ ದಾನವನ್ನು ಯಾವ ಖಾತೆಗೆ ಬರೆಯಬೇಕು?

1940ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರಾಂಡಲ್ ಮತ್ತು ಬೂಟ್ ಎಂಬ ವಿಜ್ಞಾನಿಗಳು ನೌಕಾಪಡೆಯ ನೆರವಿನಿಂದ ಹೊಸ ಬಗೆಯ ಮ್ಯಾಗ್ನೆಟ್ರಾನನ್ನು ರೂಪಿಸಿದರು. ಅದೇ ವರ್ಷ ಅದು ಅಮೆರಿಕವನ್ನು ತಲುಪಿತು. ಅಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದು ಯುದ್ಧ ಮುಗಿಯುವವರೆಗೂ ಸರ್ಕಾರದ ಹಣದಿಂದ ರೇಡಾರುಗಳನ್ನು ಸಿದ್ಧಪಡಿಸಿತು. ಶತ್ರುವಿಮಾನವನ್ನು ಗುರುತಿಸಿದ ಆ ವಿದ್ಯೆಯೇ ಇಂದು ಮಳೆಮೋಡವನ್ನೂ ಗುರುತಿಸುತ್ತದೆ. ಮುಂಗಾರಿನ ವಾರ್ತೆಗೆ ಕಿವಿಗೊಡುವ ಕುಪ್ಪಗಡ್ಡೆಯ ಭತ್ತದ ಬೆಳೆಗಾರನೂ ಅದರ ಫಲಾನುಭವಿ.

ನಮ್ಮ ನಾಡಿನಲ್ಲೂ ಇದೇ ಸಂಬಂಧ ಬೆಳೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1946ರಲ್ಲಿ ವಿದ್ಯುತ್ ಸಂವಹನ ವಿಭಾಗ ಆರಂಭವಾಯಿತು. ಸೈನ್ಯದ ಎಲೆಕ್ಟ್ರಾನಿಕ್ ಉಪಕರಣಗಳಿಗಾಗಿ 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, 1958ರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಹುಟ್ಟಿದವು. 1983ರಲ್ಲಿ ರಕ್ಷಣಾ ಇಲಾಖೆಯ ನೆರವಿನ ಜಂಟಿ ಸಂಶೋಧನಾ ಕಾರ್ಯಕ್ರಮವೊಂದು ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೇ ನೆಲೆಗೊಂಡಿತು.

ಇದೆಲ್ಲವೂ ಪಾಪವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಆಕ್ರಮಣವನ್ನು ತಡೆಯಲು ಗೃಹಸ್ಥನಿಗೆ ಅನಿವಾರ್ಯವಾಗುವ ವಿರೋಧಿ ಹಿಂಸೆಯನ್ನು, ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯಿಂದ ನಮ್ಮ ಆಚಾರ್ಯರು ಬೇರ್ಪಡಿಸಿದ್ದಾರೆ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೂ ಸೇನಾನಿಯೇ. ಆದರೆ ಅನಿವಾರ್ಯವೆಂದ ಮಾತ್ರಕ್ಕೆ ಕರ್ಮದ ಲೆಕ್ಕ ಅಳಿಸಿಹೋಗದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಿಂದಲೂ ಹಿಂಸೆಯು ಒಳಬರುತ್ತದೆ. ಗುಂಡಿ ಒತ್ತಿದವನು ಸೈನಿಕ, ಸೂತ್ರ ಬರೆದವನು ಪ್ರಾಧ್ಯಾಪಕ, ತೆರಿಗೆ ತೆತ್ತವನು ವರ್ತಕ. ಮೂವರಲ್ಲಿ ಯಾರೂ ತಾನು ಹೊರಗಿನವನೆಂದು ಹೇಳಲಾರರು.

ಗಣಿತಜ್ಞ ನಾರ್ಬರ್ಟ್ ವೀನರ್ ಯುದ್ಧಕಾಲದಲ್ಲಿ ವಿಮಾನವಿರೋಧಿ ಫಿರಂಗಿಯ ಗುರಿಯ ಬಗೆಗೆ ದುಡಿದವನು. ಯುದ್ಧಾನಂತರ ಕ್ಷಿಪಣಿ ಸಂಶೋಧನೆಗಾಗಿ ಅವನ ಹಳೆಯ ಪ್ರಬಂಧವನ್ನು ಕೇಳಿದಾಗ, ಕೊಡಲಾರೆನೆಂದು ಉತ್ತರಿಸಿದನು. 1947ರಲ್ಲಿ ಆ ಪತ್ರ ಪ್ರಕಟವಾಯಿತು. ವಿದ್ಯೆ ಅದೇ, ವಿದ್ವಾಂಸನೂ ಅವನೇ. ಬದಲಾದದ್ದು ಕಾಲ ಮತ್ತು ಉದ್ದೇಶ. ಇದೇ ವಿವೇಕ.

ಆದುದರಿಂದ ಹಣ ಯಾರದೆಂಬ ಪ್ರಶ್ನೆಯೊಂದೇ ಸಾಲದು. ಈ ಕಾರ್ಯದ ಉದ್ದೇಶವೇನೆಂದು ಸಂಶೋಧಕನು ಕೇಳಬಹುದೆ? ಮನಸ್ಸು ಒಪ್ಪದ ವಿದ್ಯಾರ್ಥಿಯು ತನ್ನ ಪದವಿಗೆ ಕುಂದಿಲ್ಲದೆ ಹಿಂದೆ ಸರಿಯಬಹುದೆ? ಈ ಎರಡು ಸ್ವಾತಂತ್ರ್ಯಗಳು ಉಳಿದಿರುವವರೆಗೆ ವಿದ್ಯಾಮಂದಿರವು ವಿದ್ಯಾಮಂದಿರವಾಗಿರುತ್ತದೆ. ಅವು ಹೋದರೆ ಆಯುಧಶಾಲೆಯ ಹಿಂಬಾಗಿಲಾಗುತ್ತದೆ. ಮಗನು ಇಂಜಿನಿಯರನಾದನೆಂದು ಹಿಗ್ಗುವ ಪ್ರತಿಯೊಬ್ಬ ಶ್ರಾವಕನೂ ಸಂಬಳವನ್ನು ಕೇಳುವ ಮೊದಲು, ಕೆಲಸವೇನೆಂದು ಕೇಳುವುದು ಒಳಿತು.