ಅಂಕಿತ ಬದಲಾದರೆ ವಚನ ಯಾರದು?

ಬಸವನ ಬಾಗೇವಾಡಿಯ ಬಸವಣ್ಣನವರ ವಚನಗಳ ಕೊನೆಯಲ್ಲಿ ಬರುವ ಅಂಕಿತ ಕೂಡಲಸಂಗಮದೇವ. 1990ರ ದಶಕದಲ್ಲಿ ಮಾತೆ ಮಹಾದೇವಿಯವರು ಸಂಪಾದಿಸಿದ 'ಬಸವ ವಚನ ದೀಪ್ತಿ'ಯಲ್ಲಿ ಅದರ ಜಾಗಕ್ಕೆ 'ಲಿಂಗದೇವ' ಬಂತು. ನಾಡಿನಲ್ಲಿ ದೊಡ್ಡ ಗದ್ದಲವಾಯಿತು. 1998ರಲ್ಲಿ ಕರ್ನಾಟಕ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಸುಪ್ರೀಂ ಕೋರ್ಟ್ 2017ರಲ್ಲಿ ಆ ಆದೇಶವನ್ನು ಎತ್ತಿಹಿಡಿಯಿತು. ಪ್ರಕರಣ ಮುಗಿಯಿತು, ಪ್ರಶ್ನೆ ಮುಗಿಯಲಿಲ್ಲ. ಹಿರಿಯರು ಬಿಟ್ಟುಹೋದ ಮಾತನ್ನು ತಿದ್ದುವ ಹಕ್ಕು ಯಾರಿಗಿದೆ? ತಿದ್ದಿದ ಮೇಲೂ ಅದು ಅವರ ಮಾತೇ?

ಇದೇ ಪ್ರಶ್ನೆಯನ್ನು ದಿನವೂ ಎದುರಿಸುವ ಇನ್ನೊಂದು ಸಮುದಾಯವಿದೆ: ಡೆಬಿಯನ್ ಎಂಬ ಮುಕ್ತ ತಂತ್ರಾಂಶದ ಕಾರ್ಯಾಚರಣ ವ್ಯವಸ್ಥೆಯನ್ನು 1993ರಿಂದ ಕಟ್ಟುತ್ತ ಬಂದಿರುವ ಸ್ವಯಂಸೇವಕರದು. ಇಂಡಿಯಲ್ಲೋ ಮುದ್ದೇಬಿಹಾಳದಲ್ಲೋ ಲಿನಕ್ಸ್ ಕಂಪ್ಯೂಟರಿನ ಪರದೆಯ ಮೇಲೆ ಕನ್ನಡದ ಒತ್ತಕ್ಷರ ಸರಿಯಾಗಿ ಮೂಡಬೇಕಾದರೆ 'ಹಾರ್ಫ್‌ಬಜ್' ಎಂಬ ಲೈಬ್ರರಿ ಒಳಗೆ ಕೆಲಸ ಮಾಡುತ್ತಿರಬೇಕು. ಅದನ್ನು ಬರೆಯುವವರು ಒಬ್ಬರು, ಡೆಬಿಯನ್‌ಗಾಗಿ ಪ್ಯಾಕೇಜು ಕಟ್ಟುವವರು ಇನ್ನೊಬ್ಬರು, ಅದನ್ನು ನಂಬಿಕೊಂಡು ನಡೆಯುವ ತಂತ್ರಾಂಶಗಳು ಹತ್ತಾರು.

ಹೊಸ ಆವೃತ್ತಿ ಬಂದಾಗ ಪ್ಯಾಕೇಜು ಕಟ್ಟುವವರು ಅನುಸರಿಸುವ ಕ್ರಮ ಗ್ರಂಥಸಂಪಾದಕರಿಗೆ ಅಪರಿಚಿತವೆನಿಸದು. ಮೂಲಕರ್ತೃ ಕೊಟ್ಟ ಪ್ರತಿಯನ್ನು ಇದ್ದಹಾಗೇ ಇಟ್ಟುಕೊಳ್ಳುತ್ತಾರೆ. ತಮ್ಮ ತಿದ್ದುಪಡಿಗಳನ್ನು ಅದರೊಳಗೆ ಬೆರೆಸುವುದಿಲ್ಲ. ಪ್ಯಾಚ್‌ಗಳಾಗಿ ಬೇರೆಯೇ ಇಡುತ್ತಾರೆ, ಯಾರು ಮಾಡಿದ್ದು, ಏಕೆ ಮಾಡಿದ್ದು ಎಂದು ಬರೆಯುತ್ತಾರೆ. ಬದಲಾವಣೆಯ ದಾಖಲೆಯಲ್ಲಿ ಹೆಸರು, ತಾರೀಕು ಸೇರಿಸಿ ಡಿಜಿಟಲ್ ಸಹಿ ಹಾಕಿ ಕಳಿಸುತ್ತಾರೆ. ಹೊಸ ಆವೃತ್ತಿ ತನ್ನನ್ನು ನಂಬಿದ ತಂತ್ರಾಂಶಗಳಿಗೆ ಕೊಟ್ಟ ಮಾತನ್ನು ಮುರಿಯುವಂತಿದ್ದರೆ ಹಳೆಯ ಹೆಸರಿನಲ್ಲಿ ಹೊರಬರುವ ಹಾಗಿಲ್ಲ. ಉದಾಹರಣೆಗೆ, ಮಾಹಿತಿಯನ್ನು ಗೂಢಲಿಪಿಗೊಳಿಸುವ ಓಪನ್‌ಎಸ್‌ಎಸ್‌ಎಲ್‌ನ ಹಳೆಯ ಲೈಬ್ರರಿ ಪ್ಯಾಕೇಜಿನ ಹೆಸರಿನಲ್ಲಿ 1.1 ಇತ್ತು, ಮುಂದಿನದರಲ್ಲಿ 3 ಬಂತು.

ಡೆಬಿಯನ್ 1997ರಲ್ಲಿ ಒಪ್ಪಿಕೊಂಡ ಮಾರ್ಗಸೂಚಿಗಳಲ್ಲಿ ಇನ್ನೊಂದು ಮಾತಿದೆ. ತಿದ್ದಿ ಹಂಚುವ ಹಕ್ಕು ಎಲ್ಲರಿಗೂ ಇರಬೇಕು, ಆದರೆ ತಿದ್ದಿದ್ದಕ್ಕೆ ಬೇರೆ ಹೆಸರು ಇಡಿ ಎಂದು ಮೂಲಕರ್ತೃ ಕೇಳಬಹುದು. 2006ರಲ್ಲಿ ಅದು ನಿಜವಾಗಿ ನಡೆಯಿತು. ಹೆಸರು ಮತ್ತು ಲಾಂಛನದ ವಿಷಯದಲ್ಲಿ ಫೈರ್‌ಫಾಕ್ಸ್ ಬ್ರೌಸರ್ ರೂಪಿಸುವ ಮೊಜಿಲ್ಲಾದೊಂದಿಗೆ ಹೊಂದಾಣಿಕೆಯಾಗದೆ ಡೆಬಿಯನ್ ತಾನು ತಿದ್ದಿದ ಫೈರ್‌ಫಾಕ್ಸ್‌ಗೆ 'ಐಸ್‌ವೀಸಲ್' ಎಂದು ಹೆಸರಿಟ್ಟಿತು. ಹತ್ತು ವರ್ಷಗಳ ನಂತರ, 2016ರಲ್ಲಿ, ಎರಡೂ ಕಡೆಯವರು ಒಪ್ಪಿ ಹಳೆಯ ಹೆಸರು ಮರಳಿತು. ಯಾರೂ ಏನನ್ನೂ ಮುಟ್ಟುಗೋಲು ಹಾಕಲಿಲ್ಲ.

ತಿದ್ದುವವರ ಮನಸ್ಸು ಒಳ್ಳೆಯದಿದ್ದರೆ ಸಾಲದೇ ಎಂದು ಕೇಳಬಹುದು. ಸಾಲದು. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ, ಪರೀಕ್ಷಕ ಉಪಕರಣವೊಂದು ಎಚ್ಚರಿಕೆ ಕೊಡುತ್ತಿದೆಯೆಂದು ಸದುದ್ದೇಶದಿಂದಲೇ ಕೆಲವು ಸಾಲು ತೆಗೆಯಲಾಯಿತು. ರಹಸ್ಯ ಕೀಲಿಗಳಿಗೆ ಬೇಕಾದ ಯಾದೃಚ್ಛಿಕತೆ ಹುಟ್ಟುತ್ತಿದ್ದದ್ದು ಅಲ್ಲಿಂದಲೇ. ಎಣಿಕೆಗೆ ಸಿಗದಷ್ಟು ಬಗೆಯ ಕೀಲಿಗಳು ಹುಟ್ಟಬೇಕಾದ ಕಡೆ ಪ್ರತಿಯೊಂದು ಗಾತ್ರಕ್ಕೂ ಸುಮಾರು 32 ಸಾವಿರ ಮಾತ್ರ ಸಾಧ್ಯವಾದವು. ದೋಷ ಬಹಿರಂಗವಾದದ್ದು 2008ರ ಮೇ ತಿಂಗಳಲ್ಲಿ. ಆದರೂ ಅದು ಎಲ್ಲಿ, ಯಾವಾಗ, ಯಾರ ಕೈಯಿಂದ ಬಂತೆಂದು ಗುರುತಿಸಲು ಆಯಿತು. ದಾಖಲೆ ಇತ್ತು.

ವಚನಗಳ ಕಥೆಗೂ ಇಂಥ ದಾಖಲೆಯೇ ಆಧಾರ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿ ಕಟ್ಟುಗಳನ್ನು ಹುಡುಕಿ 1923ರಲ್ಲಿ 'ವಚನಶಾಸ್ತ್ರ ಸಾರ' ಹೊರತಂದರು. ಸಿಂದಗಿ ತಾಲ್ಲೂಕಿನಿಂದ ಬಂದ ಎಂ. ಎಂ. ಕಲಬುರ್ಗಿಯವರು ಗ್ರಂಥಸಂಪಾದನೆಯನ್ನೇ ಶಾಸ್ತ್ರವಾಗಿ ಬರೆದವರು. ಸರ್ಕಾರ 1993ರಲ್ಲಿ ಪ್ರಕಟಿಸಿದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯಕ್ಕೆ ಪ್ರಧಾನ ಸಂಪಾದಕರಾಗಿದ್ದರು. ಅವರಿಗಿಂತ ಶತಮಾನಗಳ ಹಿಂದೆಯೇ ಶರಣ ಪರಂಪರೆ ಬದಲಾವಣೆಯನ್ನು ಒಪ್ಪಿಕೊಂಡಿತ್ತು. ಶಿವಗಣಪ್ರಸಾದಿ ಮಹಾದೇವಯ್ಯನವರ 'ಶೂನ್ಯಸಂಪಾದನೆ'ಯನ್ನು ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗದೇವರು, ಗೂಳೂರು ಸಿದ್ಧವೀರಣ್ಣೊಡೆಯರು ಮತ್ತೆ ಕಟ್ಟಿದರು. ನಾಲ್ಕೂ ಉಳಿದಿವೆ, ನಾಲ್ಕಕ್ಕೂ ಕಟ್ಟಿದವರ ಹೆಸರಿದೆ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ಐಕ್ಯರಾದರೆಂದು ಜನ ನಂಬುವ, ಬಸವಣ್ಣನವರ ಪತ್ನಿ ನೀಲಮ್ಮನವರ ಅಂಕಿತ 'ಸಂಗಯ್ಯ'. ಗಂಡನ ಅಂಕಿತಕ್ಕೆ ಅಷ್ಟು ಹತ್ತಿರ, ಆದರೂ ತಮ್ಮದೇ.

ಹಾಗಾದರೆ ಏನನ್ನೂ ಮುಟ್ಟದೆ ಇಟ್ಟರೆ ಮೂಲ ಉಳಿಯುತ್ತದೆಯೇ? ಇಂಡಿ ತಾಲ್ಲೂಕಿನ ಸಾಲೋಟಗಿಯ ಸ್ತಂಭಶಾಸನ 945ರ ಕಾಲದ ವಿದ್ಯಾಲಯವನ್ನು ಹೇಳುತ್ತದೆ. ಅದರ ಅಕ್ಷರಗಳನ್ನು ಯಾರೂ ತಿದ್ದಿಲ್ಲ, ಆದರೆ ಲಿಪಿತಜ್ಞರು ಓದಿ ಹೇಳದಿದ್ದರೆ ಊರವರಿಗೇ ಅದು ಮೂಕ. ಕಂಪ್ಯೂಟರಿನಲ್ಲಿ ಮೂಕವಾಗಲು ಸಾವಿರ ವರ್ಷ ಬೇಕಿಲ್ಲ. ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟಿನಲ್ಲಿ ಬೆರಳಚ್ಚಿಸಿದ ಕಡತವನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಒಂದು ಬೈಟೂ ಬದಲಾಗಿಲ್ಲ, ಮಾತು ಮಾತ್ರ ಹೋಗಿದೆ. ಪರಿವರ್ತಿಸಿದವರೇ ಅದನ್ನು ಉಳಿಸಿದವರು.

ಆದ್ದರಿಂದ 'ಲಿಂಗದೇವ' ಪ್ರಕರಣದಲ್ಲಿ ತಪ್ಪು ತಿದ್ದುವಿಕೆಯಲ್ಲಿಲ್ಲ. ಮಾತೆ ಮಹಾದೇವಿಯವರು ಬದಲಾವಣೆಯನ್ನು ಮುಚ್ಚಿಡಲೂ ಇಲ್ಲ, ಬಹಿರಂಗವಾಗಿ ವಾದಿಸಿದರು. ತೊಡಕು ಬೇರೆ ಕಡೆ ಇದೆ. ವಚನ ಪುಸ್ತಕದೊಳಗೆ ಕೂರುವುದಿಲ್ಲ. ಭಜನೆಯಲ್ಲಿ, ಗೋಡೆಯ ಮೇಲೆ, ಶಾಲೆಯ ಪ್ರಾರ್ಥನೆಯಲ್ಲಿ ಮುನ್ನುಡಿ ಬಿಟ್ಟು ಒಂಟಿಯಾಗಿ ಓಡಾಡುತ್ತದೆ. ಜೊತೆಗೆ ಹೋಗುವ ಒಂದೇ ದಾಖಲೆ ಅಂಕಿತ. ಅದನ್ನೇ ಬದಲಿಸಿದರೆ ಕೇಳುಗನಿಗೆ ಮೂಲಕ್ಕೆ ಹಿಂದಿರುಗುವ ದಾರಿ ಉಳಿಯದು. ಪುಸ್ತಕ ಮುಟ್ಟುಗೋಲು ಹಾಕಿದ್ದೂ ಆ ದಾರಿಯನ್ನು ತೆರೆಯಲಿಲ್ಲ, ಓದಿ ತೂಗಿ ನೋಡುವ ಅವಕಾಶವನ್ನಷ್ಟೇ ಕಿತ್ತುಕೊಂಡಿತು.

ಈಗ ವಚನಗಳು ಮೊಬೈಲಿನಲ್ಲಿ ಚಿತ್ರಗಳಾಗಿ ಹರಿದಾಡುತ್ತವೆ. ಯಾರೋ ಬರೆದ ಸಾಲಿಗೆ ಕೂಡಲಸಂಗಮದೇವ ಸೇರಿಸುವುದು ಎರಡು ನಿಮಿಷದ ಕೆಲಸ. ಸಮಗ್ರ ಸಂಪುಟಗಳಲ್ಲಿ ವಚನಗಳಿಗೆ ಕ್ರಮಸಂಖ್ಯೆ ಇದೆ. ಹಂಚುವ ಮಠಗಳು, ಶಾಲೆಗಳು, ಪತ್ರಿಕೆಗಳು ಕೆಳಗೆ ಸಣ್ಣ ಅಕ್ಷರದಲ್ಲಿ ಸಂಪುಟದ ಹೆಸರನ್ನೂ ಆ ಸಂಖ್ಯೆಯನ್ನೂ ಸೇರಿಸತೊಡಗಲಿ.